ಓದುವ ಕಣ್ಣು ಮತ್ತು ಔಷಧದ ಪಾಠಾಂತರ

ವೃದ್ಧಾಪ್ಯದಲ್ಲಿ ಕಣ್ಣಿಗೆ ಕವಿಯುವ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ನೀಗಬಹುದು. ಅಕ್ಷಿಪಟಲದ ನಡುಭಾಗವಾದ ಮ್ಯಾಕುಲಾದ ಕ್ಷಯವು ಹಾಗಲ್ಲ. ಅದರ ‘ಆರ್ದ್ರ’ ಪ್ರಭೇದದಲ್ಲಿ ಅಸಹಜ ರಕ್ತನಾಳಗಳು ಬೆಳೆದು ಸೋರುತ್ತವೆ. ಸಾಲುಗಳು ಡೊಂಕಾಗಿ, ದಿಟ್ಟಿಸಿದ ಅಕ್ಷರವೇ ಮಸುಕಾಗುತ್ತದೆ. ಹಸ್ತಪ್ರತಿಗಳೊಡನೆ ಬಾಳಿದ ವಿದ್ವಾಂಸನಿಗೆ ಇದು ಬದುಕಿನದೇ ಪ್ರಶ್ನೆ.

ಈ ನಾಳಗಳನ್ನು ಪ್ರಚೋದಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು 1989ರಲ್ಲಿ ಬೇರ್ಪಡಿಸಿ ಗುರುತಿಸಿದರು. ಅದನ್ನು ತಡೆಯುವ ರಾನಿಬಿಜುಮಾಬ್ 2006ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಇದನ್ನು ಕಣ್ಣಿನೊಳಕ್ಕೇ, ಅದೂ ಮತ್ತೆ ಮತ್ತೆ ಚುಚ್ಚಬೇಕಾದುದರಿಂದ ಬೆಲೆಯೇ ಅನೇಕರಿಗೆ ತೊಡಕು. 2015ರಲ್ಲಿ ಅಹಮದಾಬಾದಿನ ಇಂಟಾಸ್ ಸಂಸ್ಥೆ ಇದರ ಜೈವಿಕ ಸಮರೂಪಿಯಾದ ರಜುಮಾಬನ್ನು ಭಾರತದಲ್ಲಿ ಹೊರತಂದಿತು.

ಸಮರೂಪಿಯನ್ನು ‘ನಕಲು’ ಎನ್ನುವುದು ಉಚಿತವಲ್ಲ. ಸರಳ ರಾಸಾಯನಿಕ ಮದ್ದಿನ ಪ್ರತಿ ಮುದ್ರಿತ ಪುಟದಂತೆ, ಅಕ್ಷರಶಃ ಒಂದೇ. ಜೀವಕೋಶಗಳಲ್ಲಿ ಸಿದ್ಧವಾಗುವ ಪ್ರೋಟೀನು ಬೇರೊಬ್ಬ ಲಿಪಿಕಾರನ ಓಲೆಪ್ರತಿಯಂತೆ; ಕೃತಿ ಒಂದೇ, ಕೈ ಬೇರೆ. ಅಲ್ಲಿನ ಸಣ್ಣ ಭೇದಗಳು ಪರಿಣಾಮವನ್ನು ಕೆಡಿಸವೆಂಬುದನ್ನು ಪರೀಕ್ಷೆಗಳಿಂದ ಸ್ಥಾಪಿಸಬೇಕು.

ಆದರೆ ಯಾವ ಪ್ರತಿಯೂ ಕಲೆಗಟ್ಟಿದ ಅಕ್ಷಿಪಟಲವನ್ನು ಮೊದಲಿನಂತಾಗಿಸದು. ಸಾಲು ಡೊಂಕಾಗಿ ಕಂಡಾಗ ಕನ್ನಡಕವನ್ನು ದೂರದೆ ಕೂಡಲೇ ನೇತ್ರವೈದ್ಯರನ್ನು ಕಾಣುವುದೇ ವಿವೇಕ.