ಮೊದಲ ಮೊಟ್ಟೆಗೆ ಮುಂಚಿನ ಆರು ವಾರ

ಕೋಳಿ ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಅದಕ್ಕೆ ಚೆನ್ನಾಗಿ ಮೇವು ಹಾಕಬೇಕು ಎಂದು ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾತು ತಪ್ಪಲ್ಲ. ಆದರೆ ಅಷ್ಟು ಹೊತ್ತಿಗೆ ಮುಖ್ಯವಾದ ಕೆಲಸ ಮುಗಿದುಹೋಗಿರುತ್ತದೆ. ಹ್ಯಾಟೆ ವರ್ಷಪೂರ್ತಿ ಹೇಗೆ ಮೊಟ್ಟೆ ಇಕ್ಕುತ್ತದೆ, ಅದರ ಚಿಪ್ಪು ಗಟ್ಟಿಯಾಗಿರುತ್ತದೆಯೇ, ಎರಡನೇ ವರ್ಷವೂ ಅದು ಕಾಲ ಮೇಲೆ ನಿಂತಿರುತ್ತದೆಯೇ ಎಂಬುದೆಲ್ಲ ಬಹುಪಾಲು ತೀರ್ಮಾನವಾಗುವುದು ಮೊದಲ ಮೊಟ್ಟೆಗೆ ಮುಂಚಿನ ಐದಾರು ವಾರಗಳಲ್ಲಿ. ಹಿತ್ತಿಲ ಕೋಳಿ ಸಾಕುವವರು ಹೆಚ್ಚಾಗಿ ಕಡೆಗಣಿಸುವುದೂ ಆ ವಾರಗಳನ್ನೇ. ಮರಿಗಳನ್ನು ಹದ್ದು, ಕಾಗೆಗಳಿಂದ ಕಾಪಾಡಿ ದೊಡ್ಡದು ಮಾಡಿದವರು, ಇನ್ನು ಅವೇ ಮೇಯ್ದುಕೊಳ್ಳುತ್ತವೆ ಎಂದು ಬಿಟ್ಟುಬಿಡುತ್ತಾರೆ.

ಮಂಡ್ಯ ತಾಲ್ಲೂಕಿನ ಹೊಳಲು ಮತ್ತು ಅದರ ಸುತ್ತಿನ ಹಳ್ಳಿಗಳಲ್ಲಿ ಹಿತ್ತಿಲ ಕೋಳಿಗೆ ಮೇವಿನ ಬರವಿಲ್ಲ. ತಿಪ್ಪೆಯಲ್ಲಿ ಹುಳುವಿದೆ, ದನದ ಕೊಟ್ಟಿಗೆಯ ಸುತ್ತ ಉದುರಿದ ಕಾಳಿದೆ, ಒಕ್ಕಣೆ ಕಾಲದಲ್ಲಿ ಭತ್ತ, ರಾಗಿ ಚೆಲ್ಲಿರುತ್ತದೆ, ಹಸಿರು ಎಲ್ಲೆಲ್ಲೂ ಇದೆ. ಗೆದ್ದಲು ಬೇಕಾದರೆ ಹಳೆಯ ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ರಾತ್ರಿ ಬೋರಲು ಹಾಕಿಟ್ಟರೆ ಬೆಳಗ್ಗೆ ಸಿಗುತ್ತದೆ. ಮೈ ಬೆಳೆಯಲು ಇಷ್ಟು ಸಾಕು. ಚಿಪ್ಪು ಕಟ್ಟಲು ಮಾತ್ರ ಇದು ಸಾಲದು.

ಯಾವ ಹೊತ್ತಿಗೆ ಸಿದ್ಧತೆ ಶುರು ಮಾಡಬೇಕು ಎಂಬುದು ತಳಿಯ ಮೇಲೆ ಹೋಗುತ್ತದೆ. ನಾಟಿ ಹ್ಯಾಟೆ ಆರರಿಂದ ಏಳು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಅದರ ನಂತರ ಬಂದ ಸ್ವರ್ಣಧಾರ, ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯ ಕಾವೇರಿ ಇವೆಲ್ಲ ಸುಮಾರು ಐದೂವರೆ ತಿಂಗಳಿಗೇ ಶುರು ಮಾಡುತ್ತವೆ. ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟರೆ, ಗಿರಿರಾಜ 130ರಿಂದ 150 ಇಡುತ್ತದೆ. ಹೆಚ್ಚು ಇಡುವ ಕೋಳಿಗೆ ಮುಂಚಿನ ಸಿದ್ಧತೆಯೂ ಹೆಚ್ಚು ಬೇಕು. ಗಿರಿರಾಜದಲ್ಲಿ ಇನ್ನೊಂದು ಎಚ್ಚರ: ಮಾಂಸಕ್ಕೂ ಆಗುವ ತಳಿಯಾದ್ದರಿಂದ ಕೈಬಿಚ್ಚಿ ಕಾಳು ಸುರಿದರೆ ಹೊಟ್ಟೆಯೊಳಗೆ ಕೊಬ್ಬು ಕಟ್ಟುತ್ತದೆ, ಕೊಬ್ಬಿದ ಹ್ಯಾಟೆ ಮೊಟ್ಟೆ ಇಡುವುದು ಕಡಿಮೆ. ಅದನ್ನು ಓಡಾಡಿಸಿ ಮೇಯಿಸಬೇಕು.

ಈಗ ಚಿಪ್ಪಿನ ವಿಚಾರ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಹಳದಿ ಭಂಡಾರ ಕಳಚಿಕೊಂಡ ಮೇಲೆ ಬಿಳಿಲೋಳೆ ಸುತ್ತಿಕೊಳ್ಳಲು ಮೂರು ಗಂಟೆ, ಒಳಪೊರೆಗೆ ಒಂದು ಗಂಟೆಗೆ ತುಸು ಹೆಚ್ಚು. ಉಳಿದ ಸುಮಾರು 20 ಗಂಟೆಯೂ ಚಿಪ್ಪಿಗೇ ಹೋಗುತ್ತದೆ. ಅದರಲ್ಲಿ ದೊಡ್ಡ ಭಾಗ ರಾತ್ರಿಯೇ ನಡೆಯುತ್ತದೆ, ಕೋಳಿ ಗೂಡಿನಲ್ಲಿ ಕಣ್ಣು ಮುಚ್ಚಿ ಕೂತಾಗ. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿಯ ಇಡೀ ಅಸ್ಥಿಪಂಜರದಲ್ಲಿರುವ ಕ್ಯಾಲ್ಸಿಯಂ ಸುಮಾರು 20 ಗ್ರಾಂ. ಹತ್ತರಲ್ಲಿ ಒಂದು ಪಾಲನ್ನು ಅದು ಒಂದೇ ಮೊಟ್ಟೆಗೆ ಸುರಿಯುತ್ತದೆ, ಮತ್ತೆ ಒಂದೆರಡು ದಿನದಲ್ಲಿ ಇನ್ನೊಂದಕ್ಕೆ.

ರಾತ್ರಿ ಹೊಟ್ಟೆ ಬರಿದಾದಾಗ ಇಷ್ಟೊಂದು ಸುಣ್ಣದಂಶ ಎಲ್ಲಿಂದ ಬರುತ್ತದೆ? ಕಾಲಿನ ಮೂಳೆಯಿಂದ. ಮೊದಲ ಮೊಟ್ಟೆಗೆ ಎರಡು ವಾರ ಇರುವಾಗ ಹ್ಯಾಟೆಯ ಉದ್ದ ಮೂಳೆಗಳ ಒಳಗಿನ ಟೊಳ್ಳಿನಲ್ಲಿ ಹೊಸದೊಂದು ಮೆದು ಮೂಳೆ ಬೆಳೆಯುತ್ತದೆ. ಹುಂಜದಲ್ಲಿ ಅದು ಇರುವುದಿಲ್ಲ. ಕೋಳಿ ರಾತ್ರಿ ಅದರಿಂದ ಕ್ಯಾಲ್ಸಿಯಂ ತೆಗೆದುಕೊಂಡು ಹಗಲು ಮತ್ತೆ ತುಂಬಿಕೊಳ್ಳುತ್ತದೆ. ಈ ಏರ್ಪಾಡು ಎಷ್ಟು ಹಳೆಯದು ಎಂದರೆ, ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ ಟಿರನೋಸಾರಸ್ ಡೈನೋಸಾರ್‌ನ ತೊಡೆಮೂಳೆಯಲ್ಲೂ ಇಂಥದೇ ಮೂಳೆ ಇದೆಯೆಂದು ಮೇರಿ ಶ್ವೈಟ್ಜರ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದರು. ಮೊಟ್ಟೆಗೆ ಬರುವ ಮುಂಚೆ ಈ ಉಗ್ರಾಣ ತುಂಬದಿದ್ದರೆ ಕೋಳಿ ಗಟ್ಟಿ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ನಾಲ್ಕಾರು ತಿಂಗಳು ಚೆನ್ನಾಗಿ ಮೊಟ್ಟೆ ಇಟ್ಟ ಹ್ಯಾಟೆ ಇದ್ದಕ್ಕಿದ್ದಂತೆ ಕಾಲು ಸೋತು ಮೂಲೆಯಲ್ಲಿ ಕೂರುವುದಕ್ಕೆ ಇದೂ ಒಂದು ಕಾರಣ.

ರಾಗಿ ಹಾಕುತ್ತೇವಲ್ಲ, ಅದರಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎಂದು ಮಂಡ್ಯದವರು ಕೇಳುವುದು ಸಹಜ. ಧಾನ್ಯಗಳಲ್ಲಿ ರಾಗಿಯೇ ಮುಂದು ಎನ್ನುವುದು ನಿಜ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಹ್ಯಾಟೆ ದಿನಕ್ಕೆ 50 ಗ್ರಾಂ ರಾಗಿ ತಿಂದರೂ ಚಿಪ್ಪಿಗೆ ಬೇಕಾದ್ದರಲ್ಲಿ ಹತ್ತನೇ ಒಂದು ಪಾಲು ಸಹ ಬರುವುದಿಲ್ಲ. ಕುಡಿಯುವ ನೀರಿಗೆ ಸುಣ್ಣದ ತಿಳಿ ಬೆರೆಸುವವರಿದ್ದಾರೆ. ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ, ಲೀಟರಿಗೆ ಒಂದೂವರೆ ಗ್ರಾಂ ಆಸುಪಾಸು. ಕೋಳಿ ಕುಡಿಯುವ ಕಾಲು ಲೀಟರಿನಲ್ಲಿ ಸಿಗುವ ಕ್ಯಾಲ್ಸಿಯಂ ಒಂದು ಗ್ರಾಂನ ಐದನೇ ಒಂದು ಪಾಲು. ಸುಣ್ಣದ ಪುಡಿಯನ್ನೇ ಮೇವಿಗೆ ಬೆರೆಸುವುದಂತೂ ಬೇಡವೇ ಬೇಡ, ಬಾಯಿ, ಗಂಟಲು ಸುಡುತ್ತದೆ.

ಬೇಕಾಗಿರುವುದು ಚಿಪ್ಪು. ಅಂಗಡಿಯಲ್ಲಿ ಸಿಗುವ ಕಪ್ಪೆಚಿಪ್ಪಿನ ಚೂರು ಒಳ್ಳೆಯದು. ಗದ್ದೆ, ನಾಲೆಗಳ ಬದಿಯಲ್ಲಿ ಸಿಗುವ ಬಸವನಹುಳುವಿನ ಖಾಲಿ ಚಿಪ್ಪನ್ನು ಕುದಿಸಿ, ಒಣಗಿಸಿ, ಕುಟ್ಟಿ ಹಾಕಬಹುದು. ಕುದಿಸುವುದನ್ನು ಬಿಡಬಾರದು, ಹಸಿ ಬಸವನಹುಳುವಿನಿಂದ ಜಂತು ಬರುತ್ತದೆ. ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪೂ ಆಗುತ್ತದೆ. ಬಾಣಲೆಯಲ್ಲಿ ಹುರಿದು ಮೊಟ್ಟೆಯ ರೂಪ ಸುಳಿಯದಷ್ಟು ಪುಡಿ ಮಾಡಬೇಕು, ಇಲ್ಲದಿದ್ದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕುವ ಚಟ ಕಲಿಯುತ್ತದೆ. ಕಪ್ಪೆಚಿಪ್ಪು, ಬಸವನಹುಳುವಿನ ಚಿಪ್ಪುಗಳನ್ನು ಮಾತ್ರ ನುಣ್ಣಗೆ ಅರೆಯದೆ ರವೆಗಿಂತ ದಪ್ಪಗೆ ಬಿಡಿ. ದಪ್ಪ ಚೂರು ಕಲ್ಲುಚೀಲದಲ್ಲಿ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಬೇರೆ ಬೋಗುಣಿಯಲ್ಲಿ ಸಂಜೆ ಇಡಿ, ಮೇವಿಗೆ ಬೆರೆಸಬೇಡಿ. ಬೇಕಾದ ಕೋಳಿ ತಾನೇ ಹೆಕ್ಕಿಕೊಳ್ಳುತ್ತದೆ, ಬೇಡದ್ದು ಬಿಡುತ್ತದೆ. ಈ ವಿಷಯದಲ್ಲಿ ಕೋಳಿಯ ನಾಲಿಗೆಯನ್ನು ನಂಬಬಹುದು.

ಬೆರೆಸಬೇಡಿ ಎನ್ನುವುದಕ್ಕೆ ಕಾರಣವಿದೆ. ಮೊಟ್ಟೆ ಕೋಳಿಗೆಂದು ಮಾರುವ ಮೇವಿನಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಕೋಳಿಯ ಮೇವಿನಲ್ಲಿ ಒಂದು ಪಾಲು. ಬೇಗ ಮೊಟ್ಟೆ ಬರಲಿ ಎಂದು ಮೂರು ತಿಂಗಳ ಹ್ಯಾಟೆಗೆ ಮೊಟ್ಟೆ ಕೋಳಿಯ ಮೇವು ತಿನ್ನಿಸಿದರೆ ಹೆಚ್ಚಾದ ಕ್ಯಾಲ್ಸಿಯಂ ಹೊರಹಾಕಲು ಒದ್ದಾಡಿ ಮೂತ್ರಪಿಂಡ ಕೆಡುತ್ತದೆ. ಜುಟ್ಟು ಕೆಂಪಗಾಗುವವರೆಗೆ ಕಾಯಿರಿ.

ಜುಟ್ಟೇ ಮೊದಲ ಸೂಚನೆ. ಪೇಲವವಾಗಿದ್ದದ್ದು ಎರಡು ಮೂರು ವಾರದಲ್ಲಿ ಕೆಂಪೇರಿ ದಪ್ಪಗಾಗುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ಓಡುವ ಬದಲು ಕುಕ್ಕರಿಸುತ್ತದೆ. ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಒಂದು ಬೆರಳು ಮಾತ್ರ ಹಿಡಿಯುತ್ತಿದ್ದ ಜಾಗ ಎರಡು ಬೆರಳಿಗಾಗುತ್ತದೆ. ಆಮೇಲೆ ಕೊಟ್ಟಿಗೆ ಸಂದು, ಸೌದೆ ಒಟ್ಟು, ಹುಲ್ಲಿನ ಮೆದೆ ಎಲ್ಲ ತಡಕುತ್ತಾ ಕೊಕ್ಕೊಕ್ ಎನ್ನುತ್ತಾ ಅಲೆಯುತ್ತದೆ. "ಅವ್ವಾ, ಹ್ಯಾಟೆ ಗೂಡು ಹುಡುಕ್ತಾ ಐತೆ" ಎಂದು ಮಕ್ಕಳು ಕೂಗಿ ಹೇಳುವ ಹೊತ್ತು ಅದೇ. ಆ ದಿನ ಗೂಡು ಸಿದ್ಧವಿಲ್ಲದಿದ್ದರೆ ಕೋಳಿ ತಾನೇ ಜಾಗ ಆರಿಸಿಕೊಳ್ಳುತ್ತದೆ, ಹಲವು ಸಲ ಕಬ್ಬಿನ ಗದ್ದೆಯ ಬದುವಿನಲ್ಲಿ. ಮೊಟ್ಟೆ ಮುಂಗುಸಿಗೆ ಹೋಗುತ್ತದೆ, ಕೆಲವೊಮ್ಮೆ ಕೋಳಿಯೇ ಕಾಡುಬೆಕ್ಕಿಗೆ ಹೋಗುತ್ತದೆ.

ಗೂಡೆಂದರೆ ಹಳೆಯ ಮಂಕರಿ ಸಾಕು. ಮಬ್ಬಾದ, ಓಡಾಟವಿಲ್ಲದ ಮೂಲೆ, ನೆಲದಿಂದ ಮೊಣಕಾಲೆತ್ತರ, ಒಳಗೆ ಬೂದಿ ಚಿಮುಕಿಸಿ ಮೇಲೆ ಒಣ ಹುಲ್ಲು, ಹೇನು ಹತ್ತದಂತೆ ಒಂದು ಹಿಡಿ ಲಕ್ಕಿ ಸೊಪ್ಪು. ನಾಲ್ಕೈದು ಹ್ಯಾಟೆಗೆ ಒಂದು ಮಂಕರಿ. ಅದರಲ್ಲಿ ಮೊಟ್ಟೆ ಗಾತ್ರದ ನುಣುಪಾದ ಬಿಳಿ ಕಲ್ಲೊಂದನ್ನು ಇಟ್ಟರೆ ಹೊಸ ಹ್ಯಾಟೆ ಇದೇ ಜಾಗವೆಂದು ಒಪ್ಪಿಕೊಳ್ಳುತ್ತದೆ. ಜುಟ್ಟು ಕೆಂಪಾಗುವ ಮೊದಲೇ ಇದನ್ನು ಮಾಡಿಡಿ.

ಬೆಳಕಿನ ಪಾಲೂ ದೊಡ್ಡದು. ಹಗಲು ಉದ್ದವಾಗುತ್ತಿದೆಯೆಂಬುದನ್ನು ಕೋಳಿ ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆ ದಾಟಿ ಮಿದುಳಿಗೆ ಇಳಿಯುವ ಬೆಳಕಿನಿಂದಲೂ ತಿಳಿಯುತ್ತದೆ. ಮೊಟ್ಟೆ ಫಾರಂಗಳಲ್ಲಿ ದೀಪ ಹಾಕಿ 16 ಗಂಟೆ ಬೆಳಕು ಕೊಡುತ್ತಾರೆ. ಮಂಡ್ಯದಲ್ಲಿ ಡಿಸೆಂಬರಿನ ಹಗಲು ಹನ್ನೊಂದೂವರೆ ಗಂಟೆಗೂ ತುಸು ಕಡಿಮೆ, ಜೂನಿನ ಹಗಲು 13 ಗಂಟೆ ಮುಟ್ಟುವುದಿಲ್ಲ. ವ್ಯತ್ಯಾಸ ಚಿಕ್ಕದಾದರೂ ಕೋಳಿಗೆ ಗೊತ್ತಾಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಒಡೆದ ಮರಿಗಳು ಹಗಲು ಬೆಳೆಯುವ ಫೆಬ್ರವರಿ, ಮಾರ್ಚಿನಲ್ಲಿ ಮೊಟ್ಟೆಗೆ ಬರುತ್ತವೆ, ಹಿತ್ತಿಲಿಗೆ ಇದು ಒಳ್ಳೆಯ ಲೆಕ್ಕ. ನಾಲ್ಕು ಹ್ಯಾಟೆ ಸಾಕುವ ಮನೆಯಲ್ಲಿ ದೀಪ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಪಂಜರ ತೆಗೆದರೆ ಸಾಕು.

ಲಸಿಕೆ, ಜಂತಿನ ಔಷಧಿ, ಗೂಡು ಬದಲಿಸುವುದು ಇವೆಲ್ಲ ಮೊದಲ ಮೊಟ್ಟೆಗೆ ಮುಂಚೆಯೇ ಮುಗಿಯಬೇಕು. ಕೊಕ್ಕರೆ ರೋಗಕ್ಕೆ ಎಂಟು ವಾರದ ಸುಮಾರಿಗೆ ಹಾಕುವ ಆರ್2ಬಿ ಲಸಿಕೆ ತಪ್ಪಿದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ ಆಗಲೇ ಹಾಕಿಸಿ. ಮೊಟ್ಟೆ ಇಡುವಾಗ ಹಾಕಿಸಿದರೆ ಮೊಟ್ಟೆ ನಿಲ್ಲುತ್ತದೆ. ಗದ್ದೆಗೆ ಔಷಧಿ ಹೊಡೆದ ದಿನಗಳಲ್ಲಿ ಕೋಳಿಯನ್ನು ಅತ್ತ ಬಿಡಬೇಡಿ.

ಮೊದಲ ಮೊಟ್ಟೆಗಳನ್ನು ನೋಡಿ ಗಾಬರಿಯಾಗಬೇಕಿಲ್ಲ. ಪುಟ್ಟದು, ಹಳದಿಯೇ ಇಲ್ಲದ್ದು, ಎರಡು ಹಳದಿಯದು, ಚಿಪ್ಪಿಲ್ಲದೆ ಪೊರೆಯಲ್ಲೇ ಬಂದದ್ದು, ಮೇಲೆ ರಕ್ತದ ಗೀರಿರುವುದು ಎಲ್ಲವೂ ಮೊದಲ ಒಂದೆರಡು ವಾರ ಕಾಣುತ್ತವೆ. ಒಳಗಿನ ಕೆಲಸ ಇನ್ನೂ ಹದಕ್ಕೆ ಬಂದಿರುವುದಿಲ್ಲ. ತಿಂಗಳಾದರೂ ತೆಳು ಚಿಪ್ಪೇ ಬರುತ್ತಿದ್ದರೆ ಬೋಗುಣಿಯಲ್ಲಿ ಚಿಪ್ಪು ಇದೆಯೇ ನೋಡಿ. ಏಪ್ರಿಲ್ ಬಿಸಿಲಿನಲ್ಲಾದರೆ ಕಾರಣ ಬೇರೆ. ಕೋಳಿ ಬಾಯಿ ತೆರೆದು ಏದುವಾಗ ರಕ್ತದಲ್ಲಿನ ಇಂಗಾಲಾಮ್ಲ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಆಗ ಬೇಕಾದ್ದು ಮರದ ನೆರಳು ಮತ್ತು ದಿನಕ್ಕೆ ಎರಡು ಮೂರು ಸಲ ಬದಲಿಸಿದ ತಣ್ಣೀರು. ಚಿಪ್ಪು ಬಿಟ್ಟರೆ ಮೊಟ್ಟೆಯ ಮುಕ್ಕಾಲು ಪಾಲು ನೀರೇ. ಅರ್ಧ ದಿನ ನೀರು ತಪ್ಪಿದರೂ ಮೊಟ್ಟೆ ತಪ್ಪುತ್ತದೆ.

ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕೂರುತ್ತದೆ. ಮೊದಲ ಸರದಿಯ ಮೊಟ್ಟೆಗಳನ್ನು ಕಾವಿಗೆ ಇಡದೆ ಮನೆಗೆ ಬಳಸುವುದೇ ಸರಿ. ಸಣ್ಣ ಮೊಟ್ಟೆಯಿಂದ ಸಣ್ಣ ಮರಿ ಬರುತ್ತದೆ, ಉಳಿಯುವುದೂ ಕಷ್ಟ. ಜೊತೆಗೆ ಕಾವಿಗೆ ಕೂತ ಕೋಳಿ 21 ದಿನ ಅರೆಹೊಟ್ಟೆಯಲ್ಲಿರುತ್ತದೆ, ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ ಓಡುತ್ತದೆ. ಆಗಷ್ಟೇ ಮೂಳೆ ಬರಿದು ಮಾಡಿಕೊಂಡ ಹ್ಯಾಟೆಗೆ ಇದು ಹೆಚ್ಚಿನ ಹೊರೆ. ಎರಡನೇ ಸರದಿಯಿಂದ 40 ಗ್ರಾಂ ತೂಗುವ, ಚಿಪ್ಪು ಒಂದೇ ಸಮನಾಗಿರುವ, ವಾರಕ್ಕಿಂತ ಹಳೆಯದಲ್ಲದ ಮೊಟ್ಟೆಗಳನ್ನು ಆರಿಸಿ ಅದರ ಕೆಳಗೆ ಇಡಿ.