ಸೋಮೇಶ್ವರದ ಕಾಡಿನಲ್ಲಿ ಚಿಟ್ಟೆಗಳ ಕಚೇರಿ ವೇಳೆ

ಆಗುಂಬೆ ಘಾಟಿಯ ಬುಡದ ಹೋಂಸ್ಟೇಗಳಲ್ಲಿ ಬೆಳಿಗ್ಗೆ ಆರಕ್ಕೇ ಬೂಟು ಕಟ್ಟಿಕೊಂಡು ಹೊರಡುವವರು ಹಕ್ಕಿ ನೋಡುವವರು. ಒಂಬತ್ತಾದರೂ ಎರಡನೇ ಲೋಟ ಕಷಾಯ ಹಿಡಿದು ಜಗಲಿಯಲ್ಲಿ ಕೂತಿರುವವರು ಚಿಟ್ಟೆ ನೋಡುವವರು. ಇದರಲ್ಲಿ ಸೋಮಾರಿತನದ ಮಾತೇನೂ ಇಲ್ಲ. ಚಿಟ್ಟೆಯದು ಪಕ್ಕಾ ಸರ್ಕಾರಿ ಕಚೇರಿಯ ವೇಳೆ: ಹತ್ತಕ್ಕೆ ಹಾಜರಿ, ಊಟದ ಹೊತ್ತಿಗೆ ನಾಪತ್ತೆ, ಮೂರರ ಮೇಲೆ ಒಂದಿಷ್ಟು ಓಡಾಟ, ಮೋಡ ಕವಿದರೆ ರಜೆ. ಅದರ ಮೈಗೆ ಸ್ವಂತ ಬಿಸಿ ಸಾಲದು. ಬಿಸಿಲು ಕಾಯಿಸಿಕೊಂಡು ರೆಕ್ಕೆಯ ಸ್ನಾಯು ಬೆಚ್ಚಗಾಗುವವರೆಗೆ ಅದು ಹಾರಲಾರದು. ಹಾಗಾಗಿ ಇಲ್ಲಿನ ಗೈಡ್‌ಗಳು ಅಲಾರಂ ಇಡುವುದಿಲ್ಲ, ಆಕಾಶ ನೋಡುತ್ತಾರೆ.

ಸೋಮೇಶ್ವರ ಅಭಯಾರಣ್ಯವೆಂದು ಘೋಷಣೆಯಾದದ್ದು 1974ರಲ್ಲಿ. ಉಡುಪಿಯಿಂದ ಹೆಬ್ರಿ ದಾಟಿದರೆ ಅಡಿಕೆ ತೋಟಗಳು ಮುಗಿದು ಕಾಡು ಶುರು. ಪಕ್ಕದಲ್ಲಿ ಸೀತಾನದಿ, ಎದುರಿಗೆ ಗೋಡೆಯಾಗಿ ನಿಂತ ಘಟ್ಟ, ಹದಿನಾಲ್ಕು ತಿರುವು ಹತ್ತಿದರೆ ಆಗುಂಬೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಅದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಬಿದ್ದ ದಾಖಲೆಯಿದೆ. ಈ ಮಳೆಯೇ ಇಲ್ಲಿನ ಚಿಟ್ಟೆಗಳ ಬಂಡವಾಳ. ಮಳೆಗಾಲದಲ್ಲಿ ಚಿಗುರು, ಚಿಗುರಿಗೆ ಹುಳು, ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದೊಡನೆ ರೆಕ್ಕೆ. ಪಶ್ಚಿಮ ಘಟ್ಟದಲ್ಲಿ ಗುರುತಿಸಿರುವ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಲ್ಲಿ ದೊಡ್ಡ ಪಾಲನ್ನು ಈ ತಪ್ಪಲಿನಲ್ಲೇ ನೋಡಬಹುದು.

ನಡಿಗೆ ಅಂದರೆ ಟ್ರೆಕ್ಕಿಂಗ್ ಎಂದುಕೊಂಡು ಬಂದವರಿಗೆ ನಿರಾಸೆ. ಅರ್ಧ ಕಿಲೋಮೀಟರಿಗೆ ಎರಡು ಗಂಟೆ ಹಿಡಿಯುತ್ತದೆ. ನಮ್ಮ ಗೈಡ್ ಹೆಬ್ರಿ ಕಡೆಯ ತರುಣ, ಮಾತು ಕಡಿಮೆ. ಬೇಲಿಯ ಹತ್ತಿರ ನಿಂತವನು ಚಿಟ್ಟೆಯ ಸುದ್ದಿಯನ್ನೇ ಎತ್ತದೆ ಒಂದು ಬಳ್ಳಿಯ ಎಲೆ ಮಗುಚಿದ. ಈಶ್ವರಬಳ್ಳಿ. ಹಳ್ಳಿಯ ಹಿರಿಯರು ಹಾವು ಕಡಿತಕ್ಕೆ ಮದ್ದು ಎಂದು ನಂಬಿಕೊಂಡು ಬಂದ ಬಳ್ಳಿ. ಎಲೆಯಡಿಯಲ್ಲಿ ಹೆಬ್ಬೆರಳು ಗಾತ್ರದ ಕಪ್ಪುಗೆಂಪು ಹುಳು, ಮೈತುಂಬ ಮೆತ್ತನೆ ಮುಳ್ಳು, ನಡುವಿನಲ್ಲಿ ಓರೆಯಾಗಿ ಒಂದು ಬಿಳಿ ಪಟ್ಟಿ.

‘ಈ ಬಳ್ಳಿ ಇದ್ದಲ್ಲಿ ಅದು ಬಂದೇ ಬರ್ತದೆ ಮಾರಾಯ್ರೆ, ಕಾಡಿಡೀ ಹುಡುಕುದು ಎಂತಕ್ಕೆ?’

‘ಅದು’ ಅಂದರೆ ಸದರ್ನ್ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯ ಚಿಟ್ಟೆ. ಬಂದೂ ಬಂತು. ಮೊದಲು ಕಂಡದ್ದು ನೆಲದ ಮೇಲೆ ಸರಿದ ನೆರಳು. ತಲೆಯೆತ್ತಿದರೆ ಮರದ ತುದಿಯ ಮಟ್ಟದಲ್ಲಿ ಕಪ್ಪು ಮುಂರೆಕ್ಕೆ, ಅರಿಶಿನದ ಹಿಂರೆಕ್ಕೆ, ಕತ್ತಿನ ಬಳಿ ಕೆಂಪು. ನಾಡಧ್ವಜದ ಎರಡು ಬಣ್ಣವೂ ಮೈಮೇಲಿರುವುದರಿಂದಲೇ ಇದಕ್ಕೆ ರಾಜ್ಯ ಚಿಟ್ಟೆಯ ಪಟ್ಟ ಸಿಕ್ಕಿತು ಎನ್ನುವವರಿದ್ದಾರೆ. ರೆಕ್ಕೆಯ ಹರವು 14ರಿಂದ 19 ಸೆಂಟಿಮೀಟರ್. 1932ರಲ್ಲಿ ಅಳೆದ ಇದರ 190 ಮಿಲಿಮೀಟರೇ ಭಾರತದ ಅತಿ ದೊಡ್ಡ ಚಿಟ್ಟೆಯ ದಾಖಲೆಯಾಗಿ ಬಹುಕಾಲ ಉಳಿದಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಅಳತೆ ತೋರಿಸಿ ಆ ಪಟ್ಟ ಕಿತ್ತುಕೊಂಡಿತು. ನಾಲ್ಕು ಮಿಲಿಮೀಟರಿನ ಸೋಲಿಗೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಶ್ಚಿಮ ಘಟ್ಟದ ಈ ಚಿಟ್ಟೆ ಕೇಪಳದ ಗೊಂಚಲಿಗೆ ಇಳಿದು, ಕಾಲೂರಿಯೂ ರೆಕ್ಕೆ ನಿಲ್ಲಿಸದೆ ಮಕರಂದ ಹೀರುವುದನ್ನು ನೋಡಿದ ಮೇಲೆ ಅಳತೆಪಟ್ಟಿ ಯಾರಿಗೂ ನೆನಪಾಗುವುದಿಲ್ಲ. ತಂಡದಲ್ಲಿದ್ದ ಫೋಟೋಗ್ರಾಫರ್ ಒಬ್ಬರು ಅದರ ಹಿಂದೆ ಬೇಲಿಯುದ್ದಕ್ಕೂ ಓಡಿದರು. ‘ಅದು ಕೂತ್ಕೊಳ್ಳುದಿಲ್ಲ ಸರ್, ನೀವೇ ಕೂತ್ಕೊಳ್ಳಿ’ ಎಂದ ಗೈಡ್. ಕೂತರು. ಹತ್ತು ನಿಮಿಷದಲ್ಲಿ ಚಿಟ್ಟೆ ಅದೇ ಹೂವಿಗೆ ವಾಪಸು.

ಈಶ್ವರಬಳ್ಳಿ ವಿಷದ ಬಳ್ಳಿ. ಆ ವಿಷವನ್ನು ಹುಳು ಜೀರ್ಣಿಸಿಕೊಂಡು ಮೈಯಲ್ಲೇ ಕೂಡಿಡುತ್ತದೆ, ಚಿಟ್ಟೆಯಾದ ಮೇಲೂ ಅದು ಹಾಗೇ ಉಳಿಯುತ್ತದೆ. ತಿಂದ ಹಕ್ಕಿ ಇನ್ನೊಮ್ಮೆ ಮುಟ್ಟದು. ಅದೇ ಬಳ್ಳಿ ತಿಂದು ಬೆಳೆಯುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳಿಗೂ ಇದೇ ರಕ್ಷಣೆ. ತಮಾಷೆ ಇರುವುದು ಇದರ ಮುಂದೆ. ಕರಿಬೇವು, ನಿಂಬೆ ಗಿಡ ತಿಂದು ಬೆಳೆಯುವ ಕಾಮನ್ ಮಾರ್ಮನ್‌ಗೆ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಒಂದು ಪಂಗಡ ಕಾಮನ್ ರೋಸ್‌ನ ವೇಷ, ಇನ್ನೊಂದು ಪಂಗಡ ಕ್ರಿಮ್ಸನ್ ರೋಸ್‌ನ ವೇಷ ಹಾಕುತ್ತವೆ. ಗಂಡು ಮಾತ್ರ ತನ್ನ ಸಾದಾ ಕಪ್ಪು-ಬಿಳಿಯಲ್ಲೇ ಇರುತ್ತದೆ. ಯಕ್ಷಗಾನದ ನಾಡಿನಲ್ಲಿ ಇದಕ್ಕೆ ಹೆಚ್ಚಿನ ವಿವರಣೆ ಬೇಡ. ಹೋಂಸ್ಟೇ ಹಿತ್ತಲಿನ ಕರಿಬೇವಿನಲ್ಲೇ ಗೈಡ್ ಅದರ ಮರಿಹುಳುವನ್ನು ತೋರಿಸಿದ: ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆ, ದೊಡ್ಡದಾದಾಗ ಎಲೆಹಸಿರು. ಹುಲ್ಲುಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದು ಚಾಚಿ ಘಾಟು ವಾಸನೆ ಬಿಡುತ್ತದೆ. ‘ಅಯ್ಯೋ, ಇದನ್ನ ನಾವು ಕುಂಡದ ಗಿಡದಿಂದ ಕಿತ್ತು ಕಿತ್ತು ಎಸೀತೀವಲ್ರೀ’ ಎಂದರು ಬೆಂಗಳೂರಿನಿಂದ ಬಂದಿದ್ದ ಮಹಿಳೆ.

ಅಲ್ಲಿಂದ ಮುಂದೆ ನಡಿಗೆ ಅಡುಗೆಮನೆಯ ಡಬ್ಬಿ ತೆರೆದಂತೆಯೇ ಸಾಗಿತು. ಕಾಡು ದಾಲ್ಚಿನ್ನಿಯ ಎಲೆಯ ಮೇಲೆ ಬ್ಲೂಬಾಟಲ್‌ನ ಮೊಟ್ಟೆ. ಕಾಂಡದ ತುಂಬ ಮುಳ್ಳಿರುವ ಜುಮ್ಮನಕಾಯಿ ಮರ ಕಂಡರೆ ಮೇಲೆ ನೋಡಬೇಕು. ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ಕಾಯಿ ಇದು. ಇದೇ ಮರದ ಎಲೆ ಮಲಬಾರ್ ಬ್ಯಾಂಡೆಡ್ ಪೀಕಾಕ್ ಹುಳುವಿನ ಆಹಾರ. ಕಪ್ಪು ರೆಕ್ಕೆಯ ನಡುವೆ ಹಸಿರು-ನೀಲಿಯ ಅಗಲ ಪಟ್ಟಿಯುಳ್ಳ ಈ ಚಿಟ್ಟೆ ಕೇರಳದ ರಾಜ್ಯ ಚಿಟ್ಟೆ. ನಮಗೆ ಕಂಡದ್ದು ಒಂದೇ ಮಿಂಚು. ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಮರ ದಾಟಿತ್ತು.

ನನ್ನ ಮಟ್ಟಿಗೆ ಇಡೀ ಪ್ರವಾಸದ ಬೆಲೆ ತೀರಿದ್ದು ಮಾತ್ರ ಚಗಳಿ ಕೊಟ್ಟೆಯ ಮುಂದೆ. ಚಗಳಿ ಇರುವೆ ಮಲೆನಾಡಿನವರಿಗೆ ಎರಡು ರೀತಿ ಪರಿಚಯ: ತೋಟದಲ್ಲಿ ಕುತ್ತಿಗೆಗೆ ಬಿದ್ದಾಗ, ಮತ್ತು ಚಟ್ನಿಯಾಗಿ ಬಾಳೆಗೆ ಬಿದ್ದಾಗ. ಮತ್ತಿ ಮರದ ಎಲೆ ಹೊಲಿದು ಕಟ್ಟಿದ ಗೂಡಿನ ಪಕ್ಕ ಹಸಿರು ಹುಳುವೊಂದು ನಿಶ್ಚಿಂತೆಯಿಂದ ಎಲೆ ಮೇಯುತ್ತಿತ್ತು, ಚಗಳಿಗಳು ಅದರ ಬೆನ್ನ ಮೇಲೆ ಓಡಾಡುತ್ತಿದ್ದವು. ಏನು ಸಿಕ್ಕರೂ ಹರಿದು ತಿನ್ನುವ ಇರುವೆ ಇದನ್ನೇಕೆ ಬಿಟ್ಟಿದೆ? ಸೆಂಟಾರ್ ಓಕ್‌ಬ್ಲೂ ಎಂಬ ಚಿಟ್ಟೆಯ ಹುಳು ಅದು. ಮೈಮೇಲಿನ ಗ್ರಂಥಿಯಿಂದ ಸಿಹಿ ಹನಿ ಒಸರಿಸುತ್ತದೆ, ಇರುವೆ ಅದನ್ನು ನೆಕ್ಕುತ್ತದೆ, ಬದಲಿಗೆ ಕಣಜ-ಜೇಡಗಳಿಂದ ಕಾಯುತ್ತದೆ. ಗೈಡ್ ಕಡ್ಡಿಯಲ್ಲಿ ಕೊಂಬೆ ತಟ್ಟಿದ್ದೇ ತಡ, ಚಗಳಿಗಳು ಹುಳುವನ್ನು ಬಿಟ್ಟು ನಮ್ಮ ಮೇಲೆ ನುಗ್ಗಿದವು. ಚಿಟ್ಟೆಯ ಬಗ್ಗೆ ಪುಸ್ತಕ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಮತ್ತಿ ಮರ, ಚಗಳಿ, ಹುಳು ಮೂರನ್ನೂ ಒಂದೇ ಕಣ್ಣಿನಲ್ಲಿ ನೋಡಬಲ್ಲ ಗೈಡ್ ಸಿಗುವುದು ಕಷ್ಟ. ಇಂಥ ಪ್ರವಾಸಕ್ಕೆ ದುಡ್ಡು ಕೊಡುವುದಿದ್ದರೆ ಅದು ಈ ಕಣ್ಣಿಗೆ.

ಹನ್ನೊಂದರ ಬಿಸಿಲಿಗೆ ಹಳ್ಳದ ದಂಡೆ. ಒದ್ದೆ ಮರಳಿನ ಮೇಲೆ ಬ್ಲೂಬಾಟಲ್, ಕಾಮನ್ ಜೇ, ಆಲ್ಬಟ್ರಾಸ್‌ಗಳು ರೆಕ್ಕೆ ಮಡಚಿ, ಒತ್ತೊತ್ತಾಗಿ, ಒಂದೇ ದಿಕ್ಕಿಗೆ ಕೂತಿದ್ದವು. ನೀರು ಕುಡಿಯುತ್ತಿವೆ ಎನಿಸುತ್ತದೆ, ಅವಕ್ಕೆ ಬೇಕಾದ್ದು ಉಪ್ಪು. ಎಲೆ ಮತ್ತು ಮಕರಂದದಲ್ಲಿ ಸೋಡಿಯಂ ತೀರಾ ಕಡಿಮೆ. ಹೀಗೆ ಕೂರುವವು ಬಹುಪಾಲು ಗಂಡುಗಳೇ. ಹೀರಿದ ಲವಣವನ್ನು ಅವು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಸೇರುತ್ತದೆ. ದನ ಉಚ್ಚೆ ಹೊಯ್ದ ಜಾಗ, ಬಟ್ಟೆ ಒಗೆದ ಕಲ್ಲು, ನಮ್ಮ ಬೆವರಿದ ಚೀಲದ ಪಟ್ಟಿ ಎಲ್ಲವೂ ಅವಕ್ಕೆ ಇಷ್ಟ. ಫೋಟೋಗ್ರಾಫರ್ ಬಿಚ್ಚಿಟ್ಟಿದ್ದ ಕಾಲುಚೀಲದ ಮೇಲೆ ಎರಡು ಬ್ಲೂಬಾಟಲ್ ಕೂತವು. ರಾಜ್ಯ ಚಿಟ್ಟೆಗಾಗಿ ಬೇಲಿಯುದ್ದಕ್ಕೂ ಓಡಿದವರಿಗೆ ದಿನದ ಒಳ್ಳೆಯ ಚಿತ್ರ ಸಿಕ್ಕಿದ್ದು ಅಲ್ಲಿ.

ಫೋಟೋದ ಮಾತು ಬಂದದ್ದರಿಂದ ಒಂದು ತಕರಾರು. ಇನ್ನೊಂದು ಕಡೆ, ಬೇರೊಂದು ತಂಡದ ಜೊತೆ ಹೋಗಿದ್ದಾಗ ಗೈಡೇ ಸ್ಪ್ರೇ ಬಾಟಲಿ ತಂದು ಚಿಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದ, ಒದ್ದೆ ರೆಕ್ಕೆ ಹಾರದೆ ‘ಪೋಸ್’ ಕೊಡಲಿ ಎಂದು. ಅಂಥವರ ಜೊತೆ ಹೋಗಬೇಡಿ. ಕೊಳೆತ ಅನಾನಸು, ಬಾಳೆಹಣ್ಣು ಇಟ್ಟು ಕಾಯುವುದು ಅಷ್ಟು ಅನ್ಯಾಯವಲ್ಲ. ಆದರೆ ಅಭಯಾರಣ್ಯದೊಳಗೆ ಅದೂ ಬೇಡ, ಮಂಗಗಳು ಕಲಿತುಬಿಡುತ್ತವೆ.

ಕಾಡಿನ ಒಳಗೆ, ಬಿಸಿಲು ನೆಲ ಮುಟ್ಟದಲ್ಲಿ, ಬೇರೆಯೇ ಜನ. ಮಲಬಾರ್ ಟ್ರೀ ನಿಂಫ್ ಘಟ್ಟ ಬಿಟ್ಟು ಇನ್ನೆಲ್ಲೂ ಇಲ್ಲ. ಕಪ್ಪು ಚುಕ್ಕೆಯ ಬಿಳಿ ರೆಕ್ಕೆ, ತೆಳ್ಳಗೆ, ಅಂಗೈಗಿಂತ ಅಗಲ. ಅದು ಹಾರುವುದೆಂದರೆ ಅವಸರವಿಲ್ಲದೆ ತೇಲುವುದು. ಇದರ ಮೈಯೂ ವಿಷವಾದ್ದರಿಂದ ಓಡಬೇಕಾದ ಗರಜು ಅದಕ್ಕಿಲ್ಲ. ಗೈಡ್ ಬೆರಳು ತೋರಿಸಿದ ಒಣಗಿದ ಎಲೆಯನ್ನು ತಂಡದ ಯಾರೂ ಚಿಟ್ಟೆಯೆಂದು ಒಪ್ಪಲಿಲ್ಲ. ನಡುನರ, ತೊಟ್ಟು, ಬೂಷ್ಟಿನ ಚುಕ್ಕೆ ಎಲ್ಲವೂ ಇದ್ದವು. ಅದು ಎದ್ದು ಹಾರಿದಾಗ ಕಡುನೀಲಿ, ತಿಳಿನೀಲಿ ಪಟ್ಟಿ. ಬ್ಲೂ ಓಕ್‌ಲೀಫ್. ಮರದ ಸೋನೆ, ಕೊಳೆತ ಹಣ್ಣು ಅದರ ಊಟ. ಇಷ್ಟು ನೋಡಿ ಮುಗಿಯುವಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿರುತ್ತದೆ. ನಶ್ಯದ ಪುಡಿಯೋ ಉಪ್ಪೋ ಜೇಬಿನಲ್ಲಿರಲಿ, ಕಿರುಚಾಟ ಬೇಡ.

ವನ್ಯಜೀವಿ ಪ್ರವಾಸ ಎಂದು ಆನೆ-ಹುಲಿ ಲೆಕ್ಕದಲ್ಲಿ ಬಂದವರಿಗೆ ಈ ಕಾಡು ಏನನ್ನೂ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿತ್ಯಹಸಿರು ಕಾಡಿನಲ್ಲಿ ಹತ್ತು ಮಾರು ಆಚೆ ಕಾಣುವುದಿಲ್ಲ. ಸಿಗುವುದು ಕೆಂದಳಿಲಿನ ಕೂಗು, ಮಂಗಟ್ಟೆಯ ರೆಕ್ಕೆಯ ಸದ್ದು, ಅದೃಷ್ಟವಿದ್ದರೆ ಸಿಂಗಳೀಕದ ಹಿಂಡು. ಅಡಿಕೆ ಮರದ ಕಾಂಡದ ಮೇಲೆ ಹಾರುವ ಓತಿ ಇದೆಯೆಂದು ಗೈಡ್ ಹೇಳಿದಾಗ, ಅದೇ ಓತಿಯ ಬೆನ್ನು ಹತ್ತುವ ‘ಕರ್ವಾಲೊ’ ಕಾದಂಬರಿ ಓದಿದ್ದವರೆಲ್ಲ ಕ್ಯಾಮೆರಾ ಮರೆತು ನಿಂತರು. ಕಾಳಿಂಗ ಸರ್ಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೇ ಅದಕ್ಕಾಗಿ, ಕಾಳಿಂಗಕ್ಕೆ ರೇಡಿಯೋ ಅಳವಡಿಸಿ ಬೆನ್ನು ಹತ್ತಿದ ಅಧ್ಯಯನವೂ ಅಲ್ಲಿಯದೇ. ನಡೆಯುವ ದಾರಿಯಲ್ಲಿ ಅದು ಕಾಣುವುದು ಅಪರೂಪ, ಕಂಡರೆ ನಿಂತಲ್ಲೇ ನಿಲ್ಲುವುದು ಕ್ರಮ.

ಸಮಯವಿದ್ದವರು ಕಾರ್ಕಳ-ಮೂಡುಬಿದಿರೆ ರಸ್ತೆಯ ಬೆಳುವಾಯಿಗೂ ಹೋಗಿ ಬರಬೇಕು. ಸಮ್ಮಿಲನ್ ಶೆಟ್ಟಿ ಅವರ ಚಿಟ್ಟೆ ಪಾರ್ಕ್ ಅಲ್ಲಿದೆ, 2013ರಲ್ಲಿ ತೆರೆದದ್ದು. ಬನ್ನೇರುಘಟ್ಟದಂತೆ ಮುಚ್ಚಿದ ಗುಮ್ಮಟ ಅಲ್ಲಿಲ್ಲ, ಬಲೆಯೂ ಇಲ್ಲ. ಹುಳುವಿಗೆ ಬೇಕಾದ ಗಿಡ ನೆಟ್ಟು ಬಿಟ್ಟಿದ್ದಾರೆ, ಚಿಟ್ಟೆ ತಾನಾಗಿ ಬರುತ್ತದೆ. ಮಕ್ಕಳಿದ್ದರೆ ಮೊದಲು ಇಲ್ಲಿಗೆ, ಆಮೇಲೆ ಕಾಡಿಗೆ. ವರ್ಷವಿಡೀ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೋಗಿ. ಕುದುರೆಮುಖದ ಹುಲ್ಲುಗುಡ್ಡ ನೋಡಲು ಸೊಗಸು, ಆದರೆ ಗಾಳಿ ಜೋರು. ಅಲ್ಲಿ ಸಿಗುವುದು ಹುಲ್ಲಿನಲ್ಲಿ ತಗ್ಗಾಗಿ ಹಾರುವ ಸಣ್ಣ ಕಂದು, ನೀಲಿ ಚಿಟ್ಟೆಗಳು. ಅವನ್ನು ಗುರುತಿಸುವ ತಾಳ್ಮೆ ಬರಲು ಕೆಲವು ವರ್ಷ ಬೇಕು.

ಹೋಗುವವರಿಗೆ: ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಹತ್ತಿರದ್ದೂ ಸ್ಪಷ್ಟವಾಗಿ ಕಾಣುವ ಬೈನಾಕ್ಯುಲರ್ ತನ್ನಿ, ದೊಡ್ಡ ಲೆನ್ಸ್ ಇಲ್ಲದಿದ್ದರೂ ನಡೆಯುತ್ತದೆ. ಸೆಂಟು, ಗಾಢ ಬಣ್ಣದ ಬಟ್ಟೆ ಬೇಡ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಲೆ, ಸಂಗ್ರಹದ ಡಬ್ಬಿ ಒಳಗೆ ಬಿಡುವುದಿಲ್ಲ. ಆರಕ್ಕಿಂತ ಹೆಚ್ಚು ಜನರ ತಂಡಕ್ಕೆ ಸೇರಬೇಡಿ. ‘ಎಷ್ಟು ಜಾತಿ ತೋರಿಸ್ತೀರಿ’ ಎಂದು ಗೈಡ್‌ನನ್ನು ಕೇಳುವ ಬದಲು ‘ಈ ಗಿಡ ಯಾವುದು, ಇದನ್ನು ಯಾವ ಹುಳು ತಿನ್ನುತ್ತದೆ’ ಎಂದು ಕೇಳಿ ನೋಡಿ. ಉತ್ತರ ಬಂದರೆ ಅವನ ಜೊತೆ ಹೋಗಿ, ಬಾರದಿದ್ದರೆ ಬೇರೆಯವರನ್ನು ಹುಡುಕಿ.