ಹೂಳೆತ್ತಿದ ಮೇಲೆ

ಬೆಳಗಾವಿಯ ದಕ್ಷಿಣ ಭಾಗದಲ್ಲಿ ಶಹಾಪುರ, ವಡಗಾವಿಗಳ ನೆರೆಯಲ್ಲಿರುವ ಖಾಸಬಾಗವು ನೇಕಾರರ ಕೇರಿಯೆಂದೂ ಭಾನುವಾರದ ಸಂತೆಯ ಸ್ಥಳವೆಂದೂ ಪ್ರಸಿದ್ಧವಾದುದು. ಕೈಮಗ್ಗದ ಲಾಳಿಯ ಸದ್ದನ್ನು ವಿದ್ಯುತ್ ಮಗ್ಗದ ಆರ್ಭಟವು ಬಹುಮಟ್ಟಿಗೆ ಅಡಗಿಸಿದೆಯಾದರೂ, ದುಡಿಯುವ ಸ್ಥಳವೂ ವಾಸದ ಸ್ಥಳವೂ ಒಂದೇ ಆಗಿರುವ ಮನೆಗಳು ಇಲ್ಲಿ ಇಂದಿಗೂ ಉಂಟಾದುದರಿಂದ, ನಳಕ್ಕೆ ನೀರು ಬಾರದಿದ್ದರೆ ಅಥವಾ ಗಟಾರು ಕಟ್ಟಿಕೊಂಡರೆ ಆ ತೊಂದರೆಯು ಕೂಲಿಗೂ ಆರೋಗ್ಯಕ್ಕೂ ಏಕಕಾಲದಲ್ಲಿ ತಟ್ಟುತ್ತದೆ. ಇಂಥ ಕೇರಿಯ ಸುಧಾರಣೆ ಯಾರ ಹೊಣೆ ಎಂಬ ಪ್ರಶ್ನೆಗೆ ಈ ನಗರದ ಹಳೆಯ ಬಾವಿಗಳ ಚರಿತ್ರೆಯಲ್ಲಿ ಒಂದು ಉತ್ತರವಿದೆ.

1995ರ ಸುಮಾರಿನಲ್ಲಿ ಮಳೆ ಕೈಕೊಟ್ಟು, ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯವು ತಳ ಕಂಡಾಗ, ಊರಿನ ಕೆಲವು ಪ್ರಮುಖ ನಾಗರಿಕರು, ಭೂಜಲವನ್ನು ಬಲ್ಲ ತಜ್ಞರು ಮತ್ತು ಮಹಾನಗರಪಾಲಿಕೆಯ ಅಭಿಯಂತರು ಒಟ್ಟುಗೂಡಿ, ನಳದ ನೀರು ಬಂದಂದಿನಿಂದ ಜನರು ಮರೆತು ಕಸದ ಗುಂಡಿಗಳನ್ನಾಗಿಸಿದ್ದ ಬಾವಿಗಳ ಕಡೆಗೆ ದೃಷ್ಟಿ ತಿರುಗಿಸಿದರು. ಬೆಳಗಾವಿಯ ನೆಲದ ಗುಣವೂ ಈ ಯತ್ನಕ್ಕೆ ಅನುಕೂಲವಾಗಿತ್ತು: ಕಪ್ಪು ಶಿಲೆಯ ಮೇಲೆ ಹರಡಿರುವ ರಂಧ್ರಮಯವಾದ ಜಂಬಿಟ್ಟಿಗೆಯು ಮಳೆಗಾಲದ ನೀರನ್ನು ಹೀರಿಕೊಂಡು, ನಿಧಾನವಾಗಿ ಬಾವಿಗಳ ಒಡಲಿಗೆ ಬಿಡುತ್ತದೆ.

ಬಾವಿಯ ಶುದ್ಧೀಕರಣವೆಂದರೆ ಮೊದಲು ಪಂಪು ಹಚ್ಚಿ ಹೊಲಸು ನೀರನ್ನು ಹೊರಹಾಕಬೇಕು. ಅನಂತರ ಆಳು ಕೆಳಗಿಳಿದು ಹೂಳನ್ನೂ ಅದರಲ್ಲಿ ಹುದುಗಿದ ಒಡೆದ ಕೊಡ, ಪ್ಲಾಸ್ಟಿಕ್ ಚೀಲ, ದೇವರ ನಿರ್ಮಾಲ್ಯಗಳನ್ನೂ ಬುಟ್ಟಿಬುಟ್ಟಿಯಾಗಿ ಮೇಲಕ್ಕೆ ಕಳುಹಿಸಬೇಕು. ಊಟೆಯ ಕಣ್ಣುಗಳು ತೆರೆದು ಹೊಸ ನೀರು ತುಂಬಿದ ಮೇಲೆ ಅದನ್ನು ಪರೀಕ್ಷಿಸಿ, ಯೋಗ್ಯವಾದ ಬಳಕೆಗೆ ಬಿಡಬೇಕು. ಇಷ್ಟನ್ನು ಪಾಲಿಕೆಯ ಹಣವೂ ಯಂತ್ರವೂ ಸಾಧಿಸಿಯಾವು. ಆದರೆ ಮರುದಿನ ಮುಂಜಾನೆ ಹೂಮಾಲೆಯ ಪೊಟ್ಟಣವನ್ನು ಕಟ್ಟೆಯ ಮೇಲಿಂದ ಎಸೆಯಬಂದವನ ಕೈ ತಡೆಯುವುದಕ್ಕೆ ಪಕ್ಕದ ಮನೆಯವರೇ ಬೇಕು. ಅವರೂ ತಡೆಯಬೇಕಾದರೆ, ಆ ನೀರಿನ ಪಾಲು ಅವರ ಮನೆಗೂ ಬರತಕ್ಕದ್ದು.

ಈ ಪಾಲುಗಾರಿಕೆಗೆ ಕಾನೂನಿನ ಆಧಾರವೂ ಇಲ್ಲದಿಲ್ಲ. 1992ರ 74ನೆಯ ಸಂವಿಧಾನ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೂ ಮಿಕ್ಕಿ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ವಿಧಿಸಿತು. ಬೆಳಗಾವಿಯು ಆ ಮಿತಿಯನ್ನು ಎಂದೋ ದಾಟಿದೆ. ಕರ್ನಾಟಕದ ಕಾಯ್ದೆಯ ಮೇರೆಗೆ ವಾರ್ಡಿನ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಮಂದಿ ನಿವಾಸಿಗಳು, ಅವರಲ್ಲಿ ಮೂವರಾದರೂ ಮಹಿಳೆಯರು, ಸಮಿತಿಯಲ್ಲಿ ಕುಳಿತು ಬಡಾವಣೆಯ ಕಾಮಗಾರಿಗಳನ್ನು ವಿಚಾರಿಸಬಹುದು. ಹೊತ್ತು ಮೂಡುವ ಮುನ್ನ ಎದ್ದು ಕೊಡ ತುಂಬಿಟ್ಟು, ಬಳಿಕ ಕಂಡಿಕೆ ಸುತ್ತಲು ಕೂರುವ ಖಾಸಬಾಗದ ಹೆಣ್ಣುಮಕ್ಕಳಿಗೆ ಅಲ್ಲಿ ಆಸನ ದೊರೆತರೆ, ಯಾವ ಓಣಿಯ ನಳ ಎಷ್ಟು ಹೊತ್ತಿಗೆ ನಿಲ್ಲುತ್ತದೆಂಬ ಲೆಕ್ಕವು ಕಡತಕ್ಕಿಂತ ಮೊದಲು ಸಭೆಯನ್ನು ತಲುಪೀತು.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಬೆಳಗಾವಿಯ ಹೆಸರೂ ಸೇರಿತು. ಯೋಜನೆಗಳಿಗೆ ಅವಧಿಯುಂಟು; ಹೂಳಿಗೆ ಅವಧಿಯಿಲ್ಲ, ಅದು ವರ್ಷವರ್ಷವೂ ಬಂದು ಕೂಡುತ್ತದೆ. ಆದುದರಿಂದ ಯಾವ ಕೇರಿಯಲ್ಲೇ ಆಗಲಿ, ಕಾಮಗಾರಿಗೆ ಹಣ ಮಂಜೂರು ಮಾಡುವ ದಿನವೇ ಅದರ ಪಾಲನೆ ಯಾರದು, ಖರ್ಚು ಯಾರದು, ತಪ್ಪಿದಲ್ಲಿ ಕೇಳುವವರು ಯಾರು ಎಂಬುದನ್ನು ನಿವಾಸಿಗಳೂ ಪಾಲಿಕೆಯೂ ಕೂಡಿ ಬರೆದಿಡುವುದು ಲೇಸು.